ಮೊದಲ ಎಂಟಿಬಿ ರೇಸಿಗೆ ಹೋಗಿ ಬಂದೆ

ಸೈಕಲ್ಲನ್ನು ಇನ್ನೂ ತೊಳೆದಿಲ್ಲ. ಬೆಂಗಳೂರು ಹೊರವಲಯದ ಮಣ್ಣು ಸ್ಪೋಕುಗಳ ಬುಡದಲ್ಲಿ ಹಾಗೆಯೇ ಅಂಟಿಕೊಂಡಿದೆ. ಹ್ಯಾಂಡಲಿಗೆ ಕೇಬಲ್ ಟೈಯಿಂದ ಕಟ್ಟಿದ 214ನೇ ನಂಬರಿನ ಫಲಕವನ್ನು ಬಿಚ್ಚಲು ಮಗಳು ಬಿಡುತ್ತಿಲ್ಲ. ನಿನ್ನೆ ಬೆಳಿಗ್ಗೆ ಮಣಿಪಾಲದಲ್ಲಿ ಬಸ್ಸಿಳಿದೆ. ಮೈಕೈ ನೋವು ಆರುವ ಮೊದಲೇ ಎಲ್ಲವನ್ನೂ ಬರೆದಿಡಬೇಕು ಅನ್ನಿಸಿದೆ. ಹತ್ತು ತಿಂಗಳ ಹಿಂದೆ, ಉಡುಪಿಯಂಥ ಊರಿನಿಂದ, ಮೂವತ್ತು ದಾಟಿದ ಹೆಂಗಸೊಬ್ಬಳು ತರಬೇತುದಾರರಿಲ್ಲದೆ ಮೌಂಟನ್ ಬೈಕ್ (ಎಂಟಿಬಿ) ರೇಸಿಗೆ ಇಳಿಯುವುದು ಹೇಗೆ ಎಂದು ನಾನು ಕೇಳಿದಾಗ ಹೇಳುವವರು ಯಾರೂ ಸಿಕ್ಕಿರಲಿಲ್ಲ.

ನನಗೆ ವಯಸ್ಸು 34. ಪರ್ಕಳದಲ್ಲಿ ಮನೆ, ಸಹಕಾರಿ ಸಂಘವೊಂದರಲ್ಲಿ ಕೆಲಸ. ಭಾನುವಾರ ಬೆಳಿಗ್ಗೆ ಗೆಳತಿಯರ ಜೊತೆ ಮಲ್ಪೆಯವರೆಗೆ ಸೈಕಲ್ ತುಳಿದು ಬರುವ ಅಭ್ಯಾಸ ಎರಡು ವರ್ಷದಿಂದ ಇತ್ತು. ಕಳೆದ ಮಾರ್ಚಿನಲ್ಲಿ ಒಂದು ದಿನ ಹಿರಿಯಡಕದ ಕಡೆ ಹೋದವಳು ಟಾರು ರಸ್ತೆ ಬಿಟ್ಟು ಗೇರು ಹಾಡಿಯೊಳಗಿನ ಕಾಲುದಾರಿಗೆ ಇಳಿದೆ. ಒಣಗಿದ ಎಲೆ, ಬೇರು, ಮುರಕಲ್ಲಿನ ಹಾಸು, ಅಲ್ಲಲ್ಲಿ ಉದುರಿದ ಗೇರುಹಣ್ಣಿನ ವಾಸನೆ. ಎರಡು ಕಿಲೋಮೀಟರ್ ಕಳೆದು ಹೊರಗೆ ಬಂದಾಗ ಅಷ್ಟು ಹೊತ್ತು ಮನೆಯ ಚಿಂತೆ, ಸಂಘದ ಚಿಂತೆ ಒಂದೂ ತಲೆಗೆ ಬಂದಿರಲಿಲ್ಲ ಎನ್ನುವುದು ಹೊಳೆಯಿತು. ಅಂದೇ ನಿರ್ಧರಿಸಿದೆ.

ಮೊದಲ ಗೊಂದಲ ಯಾವ ಬಗೆಯ ರೇಸ್ ಎನ್ನುವುದು. ಮೌಂಟನ್ ಬೈಕಿಂಗ್ ಎಂದರೆ ಬಂಡೆಯಿಂದ ಬಂಡೆಗೆ ಹಾರುವ ಡೌನ್‌ಹಿಲ್ ಎಂದೇ ನಮ್ಮ ಮನೆಯವರೆಲ್ಲ ತಿಳಿದಿದ್ದರು. ಅದಕ್ಕೆ ಬೇರೆಯೇ ಸೈಕಲ್ಲು, ಮುಖ ಮುಚ್ಚುವ ಹೆಲ್ಮೆಟ್ಟು, ಮೈಗೆ ಕವಚ ಬೇಕು. ಹೊಸಬರು ಆರಂಭಿಸಬೇಕಾದದ್ದು ಕ್ರಾಸ್ ಕಂಟ್ರಿಯಲ್ಲಿ. ನಾಲ್ಕರಿಂದ ಆರು ಕಿಲೋಮೀಟರಿನ ಒಂದು ಸುತ್ತುದಾರಿ, ಅದನ್ನು ಇಷ್ಟು ಲ್ಯಾಪ್ ಸುತ್ತಬೇಕು. ಏರು, ಇಳಿತ, ಕಲ್ಲು, ಮಣ್ಣು ಎಲ್ಲವೂ ಅದರಲ್ಲೇ ಬರುತ್ತವೆ. 1996ರ ಅಟ್ಲಾಂಟಾ ಒಲಿಂಪಿಕ್ಸಿನಿಂದ ಒಲಿಂಪಿಕ್ ಕ್ರೀಡೆಯಾಗಿರುವುದೂ ಇದೇ. ಇದನ್ನು ಅತ್ತೆಗೆ ಹೇಳಿದಾಗ ಅವರು, "ಒಲಿಂಪಿಕ್ಸಿನಲ್ಲಿದೆ ಎಂದ ಮೇಲೆ ಬಿದ್ದರೂ ಮರ್ಯಾದೆಯಿಂದಲೇ ಬೀಳುತ್ತಿ" ಎಂದರು. ಅವರ ಒಪ್ಪಿಗೆ ನನಗೆ ದೊಡ್ಡ ಧೈರ್ಯವಾಯಿತು. ನಾನು ಅಭ್ಯಾಸಕ್ಕೆ ಹೋದ ಅಷ್ಟೂ ಬೆಳಿಗ್ಗೆ ಮಗಳ ಜಡೆ ಹಾಕಿ ಶಾಲೆಗೆ ಕಳಿಸಿದವರು ಅವರೇ.

ಸೈಕಲ್ ಸಿಗಲು ಐದು ವಾರ ಹಿಡಿಯಿತು. ಹೊಸದು ಕೊಳ್ಳುವಷ್ಟು ಹಣವಿರಲಿಲ್ಲ. ಬಳಸಿದ ಸೈಕಲ್ಲುಗಳು ಮಂಗಳೂರು, ಮಣಿಪಾಲದಲ್ಲಿ ಮಾರಾಟಕ್ಕೆ ಬರುತ್ತಲೇ ಇರುತ್ತವೆ; ವಿದ್ಯಾರ್ಥಿಗಳು ಓದು ಮುಗಿಸಿ ಊರಿಗೆ ಹೊರಡುವ ಕಾಲದಲ್ಲಿ ಇನ್ನೂ ಹೆಚ್ಚು. ಆದರೆ ನನ್ನ ಎತ್ತರ 158 ಸೆಂಟಿಮೀಟರ್. ಸಿಕ್ಕಿದ್ದೆಲ್ಲ ಮೀಡಿಯಂ, ಲಾರ್ಜ್ ಫ್ರೇಮುಗಳೇ. "ಸೀಟು ಇಳಿಸಿಕೊಂಡರೆ ಸರಿಯಾಗುತ್ತದೆ" ಎಂದು ಮೂರು ಮಂದಿ ಹೇಳಿದರು. ಸರಿಯಾಗುವುದಿಲ್ಲ. ಫ್ರೇಮ್ ಉದ್ದವಾದರೆ ಕೈ ಚಾಚಿಯೇ ಇರಬೇಕಾಗುತ್ತದೆ, ಇಳಿತದಲ್ಲಿ ಮೈಯನ್ನು ಹಿಂದಕ್ಕೆ ಒಯ್ಯಲು ಜಾಗವೇ ಇರುವುದಿಲ್ಲ. ನಿಮ್ಮ ಅಳತೆಯ ಫ್ರೇಮ್ ಸಿಗುವವರೆಗೆ ಕಾಯಿರಿ.

ಕರಾವಳಿಯಲ್ಲಿ ಹಳೆಯ ಸೈಕಲ್ ಕೊಳ್ಳುವವರು ನೋಡಲೇಬೇಕಾದ ಒಂದು ಸಂಗತಿ ನನಗೆ ಉಡುಪಿಯ ಮೆಕ್ಯಾನಿಕ್ ಅಣ್ಣನಿಂದ ತಿಳಿಯಿತು. ಸೀಟಿನ ಕೊಳವೆಯ ಕ್ಲಾಂಪ್ ಸಡಿಲಿಸಿ ಸೀಟನ್ನು ಪೂರ್ತಿ ಮೇಲೆತ್ತಿ ನೋಡಬೇಕು. ಉಪ್ಪುಗಾಳಿ, ಬೆವರು, ಮಳೆನೀರು ಸೇರಿ ಅದು ಫ್ರೇಮಿನೊಳಗೆ ಕಚ್ಚಿಕೊಂಡುಬಿಟ್ಟಿರುತ್ತದೆ. ನಾನು ನೋಡಿದ ಏಳು ಸೈಕಲ್ಲುಗಳಲ್ಲಿ ಎರಡರದು ಅಲುಗಲೇ ಇಲ್ಲ. ಮುಂದಿನ ಸಸ್ಪೆನ್ಷನ್ನಿನ ಹೊಳೆಯುವ ಕಾಲುಗಳಲ್ಲಿ ತುಕ್ಕಿನ ಚುಕ್ಕೆ ಅಥವಾ ಉಗುರಿಗೆ ತಾಗುವ ಗೀರು ಇದ್ದರೆ ಬೇಡ. ಫ್ರೇಮಿನ ಕತ್ತಿನ ಹತ್ತಿರ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಬೆಲೆ ಎಷ್ಟೇ ಕಡಿಮೆಯಾಗಲಿ, ಬೇಡ.

ಕೊನೆಗೆ ಮಂಗಳೂರಿನಲ್ಲಿ ಸ್ಮಾಲ್ ಫ್ರೇಮಿನ, 29 ಇಂಚಿನ ಚಕ್ರದ, ಗಾಳಿಯ ಫೋರ್ಕ್ (ಮುಂದಿನ ಸಸ್ಪೆನ್ಷನ್) ಮತ್ತು ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇರುವ ಹಾರ್ಡ್‌ಟೇಲ್ ಒಂದು 32,000 ರೂಪಾಯಿಗೆ ಸಿಕ್ಕಿತು. ಹಿಂದೆ ಸಸ್ಪೆನ್ಷನ್ ಇಲ್ಲದ ಈ ಬಗೆಯೇ ಹೊಸಬರಿಗೆ ಸಾಕು. ಹೆಲ್ಮೆಟ್, ಕೈಗವಸು, ಪಂಪು, ಸಲಕರಣೆ ಎಂದು ಮತ್ತೆ 5,000 ಹೋಯಿತು. ಟಯರಿನ ಮಾತು ಬೇರೆಯೇ ಇದೆ.

ನಮ್ಮ ನೆಲ ಮುರಕಲ್ಲಿನದು. ಮೇಲೆ ನೋಡಲು ಸಪಾಟಾಗಿ ಕಂಡರೂ ಅಂಚುಗಳು ಕತ್ತಿಯಂತಿರುತ್ತವೆ. ಟ್ಯೂಬ್ ಹಾಕಿಕೊಂಡು ಗಾಳಿ ಕಡಿಮೆ ಇಟ್ಟರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಗಾಳಿ ಹೆಚ್ಚಿಟ್ಟರೆ ಚಕ್ರ ಕಲ್ಲಿನ ಮೇಲೆ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ. ಏಪ್ರಿಲ್ ಒಂದೇ ತಿಂಗಳಲ್ಲಿ ಒಂಬತ್ತು ಪಂಕ್ಚರ್ ಆಯಿತು. ಕೊನೆಗೆ 6,200 ರೂಪಾಯಿ ಕೊಟ್ಟು ಟಯರ್ ಬದಲಿಸಿ ಟ್ಯೂಬ್‌ಲೆಸ್ ಮಾಡಿಸಿದೆ. 32 ಪಿಎಸ್ಐ ಇದ್ದ ಗಾಳಿಯನ್ನು 24ಕ್ಕೆ ಇಳಿಸಿದೆ. ಅಲ್ಲಿಂದ ರೇಸಿನವರೆಗೆ ಒಂದೇ ಪಂಕ್ಚರ್. ನಮ್ಮ ಕಡೆಯವರು ಬೇರೆ ಯಾವುದಕ್ಕೂ ಮೊದಲು ಇದಕ್ಕೆ ಹಣ ಹಾಕಿ.

ಜೂನ್ ಬಂತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಮಳೆಗಾಲ ಕಳೆಯಲಿ ಎಂದು ಕುಳಿತರೆ ವರ್ಷದ ಮೂರನೇ ಒಂದು ಪಾಲು ಹೋಗುತ್ತದೆ. ಹಾಗೆಂದು ಹೊರಟೆ. ಜುಲೈ ಎರಡನೇ ವಾರ ಪೆರ್ಡೂರು ಕಡೆಯ ಪಾದೆಯೊಂದರ (ಬಂಡೆಹಾಸಿನ) ಮೇಲೆ ಪಾಚಿಯಲ್ಲಿ ಮುಂದಿನ ಚಕ್ರ ಜಾರಿತು. ಬ್ರೇಕ್ ಒತ್ತಿದ್ದು ನೆನಪಿದೆ, ಮುಂದಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ಮೊಣಕೈಯಿಂದ ರಕ್ತ ಇಳಿದು ಮಳೆನೀರಿನಲ್ಲಿ ಹರಡುತ್ತಿತ್ತು. ನಾಲ್ಕು ಹೊಲಿಗೆ, ಟಿಟಿ ಇಂಜೆಕ್ಷನ್, ಮೂರು ವಾರ ವಿಶ್ರಾಂತಿ. ಆ ಮೂರು ವಾರ ಬಿಟ್ಟುಬಿಡಬೇಕೆಂದೇ ಅನ್ನಿಸುತ್ತಿತ್ತು. ಗಂಡ ಒಂದು ಮಾತೂ ಆಡಲಿಲ್ಲ. ಅವರು ಸುಮ್ಮನಿದ್ದದ್ದೇ ನನಗೆ ಹೆಚ್ಚು ಕಷ್ಟವಾಯಿತು.

ಮತ್ತೆ ಹೊರಟಾಗ ಅದೇ ಮೆಕ್ಯಾನಿಕ್ ಅಣ್ಣ ಅಂಗಡಿಯ ಮುಂದಿನ ಇಳಿಜಾರಿನಲ್ಲಿ ನನ್ನನ್ನು ನಿಲ್ಲಿಸಿ, "ಅಕ್ಕ, ನೀವು ಬ್ರೇಕನ್ನು ನಾಲ್ಕು ಬೆರಳಲ್ಲಿ ಹಿಡಿಯುತ್ತೀರಿ. ಹೆದರಿದ ಕೂಡಲೇ ನಾಲ್ಕೂ ಒಟ್ಟಿಗೆ ಬಿಗಿಯುತ್ತವೆ. ಒಂದೇ ಬೆರಳು ಇಡಿ" ಎಂದ. ಲಿವರನ್ನು ತೋರುಬೆರಳಿಗೆ ಸಿಗುವಂತೆ ಒಳಕ್ಕೆ ಸರಿಸಿಯೂ ಕೊಟ್ಟ. ಉಳಿದ ಮೂರು ಬೆರಳು ಹ್ಯಾಂಡಲ್ ಹಿಡಿದಿರುತ್ತವೆ. ಇಷ್ಟು ಚಿಕ್ಕ ವಿಷಯ. ಎರಡೂ ಪೆಡಲ್ ನೆಲಕ್ಕೆ ಸಮವಾಗಿಟ್ಟು, ಸೀಟಿನಿಂದ ಎದ್ದು, ಮೊಣಕೈ ಅಗಲಿಸಿ ಇಳಿಯುವುದನ್ನು ಆಗಸ್ಟ್‌ನಿಂದ ಅಕ್ಟೋಬರಿನವರೆಗೆ ಒಂದೇ ಇಳಿಜಾರಿನಲ್ಲಿ ನೂರಾರು ಸಲ ಮಾಡಿದೆ. ಏರು ತುಳಿಯುವ ಶಕ್ತಿಗಾಗಿ ಭಾನುವಾರ ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳನ್ನು ಹತ್ತುತ್ತಿದ್ದೆ. ಅಲ್ಲಿ ಟಾರು ಬಿಟ್ಟು ಕಾಡಿಗೆ ಇಳಿಯಬೇಡಿ. ಅದು ವನ್ಯಜೀವಿಧಾಮದ ಪ್ರದೇಶ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಹೋಗುವ ಹಾಗಿಲ್ಲ. ಗೇರು ಹಾಡಿಗೂ, ಅಕೇಶಿಯಾ ತೋಪಿಗೂ ಒಡೆಯರಿರುತ್ತಾರೆ. ಒಮ್ಮೆ ಹೋಗಿ ಕೇಳಿದರೆ ಸಾಕು. ನನಗೆ ಯಾರೂ ಬೇಡವೆನ್ನಲಿಲ್ಲ. ಒಬ್ಬ ಅಜ್ಜಿ ಪ್ರತಿ ವಾರ ಬೊಂಡ (ಎಳನೀರು) ಕೆತ್ತಿಸಿ ಇಟ್ಟಿರುತ್ತಿದ್ದರು.

ಉಡುಪಿನ ವಿಷಯವನ್ನೂ ಹೇಳಬೇಕು. ಮೊದಲ ಎರಡು ತಿಂಗಳು ಸೈಕ್ಲಿಂಗ್ ಚಡ್ಡಿಯ ಮೇಲೆ ಚೂಡಿದಾರದ ಪ್ಯಾಂಟು ಹಾಕಿಕೊಂಡೇ ಹೋಗುತ್ತಿದ್ದೆ. ಪೇಟೆಯ ನಾಲ್ಕು ಕಣ್ಣುಗಳ ಹೆದರಿಕೆ. ಒಂದು ದಿನ ಪ್ಯಾಂಟಿನ ತುದಿ ಚೈನಿಗೆ ಸಿಕ್ಕಿ ಏರಿನ ನಡುವೆ ಬಿದ್ದೆ. ಅಂದಿನಿಂದ ಪ್ಯಾಂಟು ಹಾಕಲಿಲ್ಲ. ಹಾಲಿನ ಡೇರಿಯ ಹೆಂಗಸರು ಒಂದು ವಾರ ನೋಡಿದರು, ಆಮೇಲೆ "ಇವತ್ತು ಎಷ್ಟು ಕಿಲೋಮೀಟರ್?" ಎಂದು ಕೇಳತೊಡಗಿದರು.

ನವೆಂಬರಿನಲ್ಲಿ ರೇಸಿನ ಪ್ರಕಟಣೆ ಕಣ್ಣಿಗೆ ಬಿತ್ತು. ರಾಜ್ಯ, ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಿಗೆ ರಾಜ್ಯ ಸೈಕ್ಲಿಂಗ್ ಸಂಸ್ಥೆಯ ಮೂಲಕ ಹೋಗಬೇಕು. ಇದು ಯಾರು ಬೇಕಾದರೂ ಸೇರಬಹುದಾದ ಮುಕ್ತ ರೇಸ್. ಶುಲ್ಕ 1,500 ರೂಪಾಯಿ. ಬೇಕಾದ ಕಾಗದಗಳು ಮೂರು: ವಯಸ್ಸಿನ ದಾಖಲೆ, ಅಪಘಾತವಾದರೆ ಸಂಘಟಕರು ಹೊಣೆಯಲ್ಲ ಎಂಬ ಒಪ್ಪಿಗೆ ಪತ್ರ, ವೈದ್ಯರಿಂದ ದೈಹಿಕ ಅರ್ಹತೆಯ ಪ್ರಮಾಣಪತ್ರ.

ವೈದ್ಯರ ಪ್ರಮಾಣಪತ್ರಕ್ಕೇ ಮೂರು ದಿನ ಕಳೆದೆ. ಮೊದಲ ದಿನ ಆಸ್ಪತ್ರೆಯೊಂದರಲ್ಲಿ ಮೂರು ಗಂಟೆ ಕಾದ ಮೇಲೆ, "ಯಾವ ನಮೂನೆಯಲ್ಲಿ ಬರೆಯಬೇಕು? ನಮೂನೆ ತನ್ನಿ" ಎಂದು ಕಳಿಸಿದರು. ಎರಡನೇ ದಿನ ರಕ್ತದೊತ್ತಡ ನೋಡಿ, ಇಸಿಜಿ ತೆಗೆಸಿ, ಸಹಿ ಹಾಕಿಕೊಟ್ಟರು. ಅದನ್ನು ಸಂಘಟಕರಿಗೆ ಕಳಿಸಿದರೆ ವೈದ್ಯರ ನೋಂದಣಿ ಸಂಖ್ಯೆ ಇಲ್ಲ ಎಂದು ತಿರುಗಿ ಬಂತು. ಮೂರನೇ ದಿನ ಅರ್ಧ ದಿನ ರಜೆ ಹಾಕಿ ಹೋಗಿ, ಸಂಖ್ಯೆಯ ಮೊಹರು ಹಾಕಿಸಿಕೊಂಡು ಬಂದೆ. ಒಟ್ಟು ಖರ್ಚು 650 ರೂಪಾಯಿ. ಸಹಿ, ಮೊಹರು, ನೋಂದಣಿ ಸಂಖ್ಯೆ, ದಿನಾಂಕ ನಾಲ್ಕೂ ಇವೆಯೇ ಎಂದು ಆಸ್ಪತ್ರೆಯ ಬಾಗಿಲು ದಾಟುವ ಮೊದಲು ನೋಡಿಕೊಳ್ಳಿ.

ಇನ್ನೊಂದು ತಪ್ಪು ನನ್ನಿಂದಲೇ ಆಯಿತು. 34 ತುಂಬಿದವಳು ನಾನು ಎಂದು ಮಹಿಳೆಯರ ಮುಕ್ತ ವಿಭಾಗಕ್ಕೆ ಗುರುತು ಹಾಕಿದೆ. ಸೈಕ್ಲಿಂಗಿನ ಅಂತರರಾಷ್ಟ್ರೀಯ ಸಂಸ್ಥೆಯಾದ ಯುಸಿಐ ಲೆಕ್ಕದಲ್ಲಿ ವಯಸ್ಸು ಎಂದರೆ ರೇಸಿನ ವರ್ಷದಿಂದ ಹುಟ್ಟಿದ ವರ್ಷ ಕಳೆದರೆ ಉಳಿಯುವ ಸಂಖ್ಯೆ. ತಿಂಗಳು, ದಿನ ಲೆಕ್ಕಕ್ಕಿಲ್ಲ. ಬರುವ ನವೆಂಬರಿನಲ್ಲಿ ನನಗೆ 35 ತುಂಬುತ್ತದೆ, ಆದ್ದರಿಂದ ಜನವರಿ ಒಂದರಿಂದಲೇ ನನ್ನ ರೇಸ್ ವಯಸ್ಸು 35. ಈ ರೇಸಿನಲ್ಲೂ ಅದೇ ಲೆಕ್ಕವಿತ್ತು. 35 ಮತ್ತು ಅದಕ್ಕೆ ಮೇಲಿನ ಮಹಿಳೆಯರಿಗೆ ಮೂರು ಲ್ಯಾಪ್, ಮುಕ್ತ ವಿಭಾಗಕ್ಕೆ ನಾಲ್ಕು. ನನಗೆ ಇದು ತಿಳಿಯುವಷ್ಟರಲ್ಲಿ ಬದಲಿಸುವ ಗಡುವು ಮುಗಿದಿತ್ತು.

ಶುಕ್ರವಾರ ರಾತ್ರಿಯ ಬಸ್ಸು. ಉಡುಪಿಯಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್. ಸೈಕಲ್ಲಿಗೆ 500 ರೂಪಾಯಿ ಕೇಳಿದರು, ಕೊಟ್ಟೆ. ಮುಂದಿನ ಚಕ್ರ ಮಾತ್ರ ಬಿಚ್ಚಿ, ಹಳೆಯ ಕಂಬಳಿ ಸುತ್ತಿ ಡಿಕ್ಕಿಯಲ್ಲಿ ಮಲಗಿಸಿದೆ. ಯಾವ ಮಗ್ಗುಲಿಗೆ ಮಲಗಿಸಬೇಕು ಎಂದು ಯೋಚಿಸಲೇ ಇಲ್ಲ.

ಬೆಳಿಗ್ಗೆ ರೇಸಿನ ಜಾಗಕ್ಕೆ ಹೋಗಿ ಚಕ್ರ ಜೋಡಿಸಿ ಪೆಡಲ್ ತಿರುಗಿಸಿದೆ. ಹಿಂದಿನಿಂದ ಟಿಕ್, ಟಿಕ್, ಟಿಕ್. ಅತಿ ಹಗುರವಾದ ಗೇರಿಗೆ ಹಾಕಿದಾಗ, ಚೈನನ್ನು ಸರಿಸಿ ಗೇರು ಬದಲಿಸುವ ಡಿರೈಲರಿನ ತುದಿ ಸ್ಪೋಕಿಗೆ ತಾಗುತ್ತಿತ್ತು. ಬಗ್ಗಿ ನೋಡಿದರೆ ಡಿರೈಲರನ್ನು ಫ್ರೇಮಿಗೆ ಹಿಡಿದಿಡುವ ಹೆಬ್ಬೆರಳಿನಷ್ಟು ಗಾತ್ರದ ಅಲ್ಯೂಮಿನಿಯಂ ತುಂಡು ಒಳಕ್ಕೆ ಬಾಗಿತ್ತು. ಇದಕ್ಕೆ ಹ್ಯಾಂಗರ್ ಎನ್ನುತ್ತಾರೆ. ಪೆಟ್ಟು ಬಿದ್ದಾಗ ಫ್ರೇಮ್ ಉಳಿದು ತಾನು ಬಾಗಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ರಾತ್ರಿಯಿಡೀ ಯಾರದೋ ಗೋಣಿಚೀಲಗಳು ಅದರ ಮೇಲಿದ್ದವು. ಹಾಗೆಯೇ ಏರು ತುಳಿದಿದ್ದರೆ ಡಿರೈಲರ್ ಚಕ್ರದೊಳಗೆ ಸಿಕ್ಕಿ ಅದೂ ಸ್ಪೋಕುಗಳೂ ಒಟ್ಟಿಗೆ ಮುರಿಯುತ್ತಿದ್ದವು. ಹ್ಯಾಂಗರಿನಲ್ಲಿ ನೂರಾರು ಮಾದರಿಗಳಿವೆ, ಒಂದು ಫ್ರೇಮಿನದು ಇನ್ನೊಂದಕ್ಕೆ ಕೂರುವುದಿಲ್ಲ. ಅಲ್ಲಿದ್ದ ಯಾರ ಬಳಿಯೂ ನನ್ನ ಫ್ರೇಮಿನದು ಇರಲಿಲ್ಲ. ನಾನು ಹುಲ್ಲಿನ ಮೇಲೆ ಕುಳಿತುಬಿಟ್ಟೆ. ಹತ್ತು ತಿಂಗಳು ಕಣ್ಣ ಮುಂದೆ ಬಂದು ನಿಂತಿತು.

ಡೇರೆಯೊಂದರಲ್ಲಿ ರಿಪೇರಿ ಮಾಡುತ್ತಿದ್ದ ಹುಡುಗ ನನ್ನನ್ನು ನೋಡಿ ತಾನೇ ಬಂದ. ಡಿರೈಲರ್ ಬಿಚ್ಚಿ, ಆ ತೂತಿಗೆ ಉದ್ದನೆಯ ಸರಳಿನಂಥ ಸಲಕರಣೆಯೊಂದನ್ನು ತಿರುಗಿಸಿ ಕೂರಿಸಿದ. ಅದರ ತುದಿಯನ್ನು ರಿಮ್ಮಿನ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಂದು ಅಂತರ ಅಳೆಯುತ್ತ, ಉಸಿರು ಬಿಗಿಹಿಡಿದು ಸ್ವಲ್ಪ ಸ್ವಲ್ಪವೇ ಎಳೆದ. ಇಪ್ಪತ್ತು ನಿಮಿಷ. "ಮೇಡಂ, ಒಂದು ಸಲ ನೇರ ಮಾಡಬಹುದು. ಇನ್ನೊಂದು ಸಲ ಬಾಗಿದರೆ ತುಂಡಾಗುತ್ತದೆ" ಎಂದ. 200 ರೂಪಾಯಿ ಮಾತ್ರ ತೆಗೆದುಕೊಂಡ.

ಬಸ್ಸಿನಲ್ಲಿ ಸೈಕಲ್ ಒಯ್ಯುವವರು ಡಿರೈಲರನ್ನು ಬಿಚ್ಚಿ ಬಟ್ಟೆ ಸುತ್ತಿ ಫ್ರೇಮಿನ ಒಳಮಗ್ಗುಲಿಗೆ ಕಟ್ಟಿ. ಒಂದೇ ಸ್ಕ್ರೂ, ಎರಡು ನಿಮಿಷದ ಕೆಲಸ. ಚೈನಿರುವ ಮಗ್ಗುಲು ಮೇಲೆ ಬರುವಂತೆ ಮಲಗಿಸಿ, ಉಳಿದ ಸಾಮಾನೆಲ್ಲ ಹಾಕಿದ ಮೇಲೆ ಕೊನೆಯಲ್ಲಿ ಇಡಿಸಿ. ನಿಮ್ಮ ಫ್ರೇಮಿನ ಹ್ಯಾಂಗರ್ ಒಂದನ್ನು ಚೀಲದಲ್ಲಿ ಸದಾ ಇಟ್ಟುಕೊಳ್ಳಿ.

ಶನಿವಾರ ಮಧ್ಯಾಹ್ನ ಸುತ್ತುದಾರಿಯನ್ನು ಮೊದಲು ನಡೆದು ನೋಡಿದೆ, ಆಮೇಲೆ ಎರಡು ಸಲ ನಿಧಾನವಾಗಿ ತುಳಿದೆ. ಒಂದು ಕಡೆ ಎದೆಯೆತ್ತರದ ಬಂಡೆಯಿಂದ ಇಳಿಯಬೇಕಿತ್ತು. ಅದರ ಪಕ್ಕದಲ್ಲೇ ಬಿ ಲೈನ್ ಎಂಬ ಬಳಸುದಾರಿ ಇತ್ತು. ನೇರವಾದದ್ದು ಎ ಲೈನ್. ಬಿ ಲೈನಿನಲ್ಲಿ ಹೋದರೆ ಕೆಲವು ಸೆಕೆಂಡು ಹೆಚ್ಚು, ಬೇರೆ ದಂಡವಿಲ್ಲ. ನಾನು ಎಲ್ಲ ಲ್ಯಾಪಿನಲ್ಲೂ ಅದನ್ನೇ ಹಿಡಿದೆ.

ಭಾನುವಾರ ಮುಕ್ತ ವಿಭಾಗದಲ್ಲಿ ಒಂಬತ್ತು ಮಂದಿ. ಮುಂದಿನ ಸಾಲಿನಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗಿಯರು, ಎಲ್ಲರೂ ಇಪ್ಪತ್ತರ ಆಸುಪಾಸಿನವರು. ನಮ್ಮ ರಾಜ್ಯದ ಸೈಕ್ಲಿಂಗಿನ ತವರೇ ಆ ಜಿಲ್ಲೆಗಳು. ಸೀಟಿ ಊದಿದ ಮರುಕ್ಷಣ ಅವರು ಹೊರಟ ಬಗೆಗೆ ನಾನು ಸಿದ್ಧಳಿರಲಿಲ್ಲ. ದಾರಿ ಕಿರಿದಾಗುವ ಮೊದಲು ಮುಂದೆ ಸೇರಿಕೊಳ್ಳಬೇಕೆಂದು ಎಲ್ಲರೂ ಎದ್ದು ನಿಂತು ತುಳಿಯುತ್ತಾರೆ. ಅವರ ಹಿಂದೆ ಬಿದ್ದು ಎರಡೇ ನಿಮಿಷದಲ್ಲಿ ನನ್ನ ಎದೆ ಉರಿಯಿತು, ಕಾಲು ಕಲ್ಲಾಯಿತು. ಮೊದಲ ಏರಿನಲ್ಲೇ ಕೊನೆಯವಳಾದೆ. ಒಣಗಾಳಿಗೆ ಗಂಟಲು ಕೆರೆಯುತ್ತಿತ್ತು; ಕರಾವಳಿಯ ಸೆಕೆಯಲ್ಲಿ ಪಳಗಿದವರು ನೀರನ್ನು ಕೈಗೆಟಕುವಲ್ಲೇ ಇಟ್ಟುಕೊಳ್ಳಿ. ಹೊರಗಿನವರು ನೀರು ಕೊಡಲು ಗುರುತು ಮಾಡಿದ ಜಾಗದಲ್ಲಿ ಮಾತ್ರ ಅವಕಾಶ.

ಇಳಿತದಲ್ಲಿ ಲೆಕ್ಕ ಬದಲಾಯಿತು. ಸಡಿಲ ಕಲ್ಲಿನ ಒಂದು ತಿರುವಿನಲ್ಲಿ ಮುಂದಿದ್ದ ಇಬ್ಬರು ಬ್ರೇಕ್ ಬಿಗಿದು ಜಾರುತ್ತಿದ್ದರು. ಅದು ಪೆರ್ಡೂರಿನ ಪಾದೆಯಷ್ಟು ಕಷ್ಟದ್ದಾಗಿರಲಿಲ್ಲ. ಒಂದು ಬೆರಳಿನಲ್ಲಿ ಬ್ರೇಕ್ ಸವರುತ್ತ ಅವರನ್ನು ದಾಟಿದೆ. ಆ ಕ್ಷಣಕ್ಕಾಗಿ ಹೊಲಿಗೆ ಹಾಕಿಸಿಕೊಂಡದ್ದೂ ಸಾರ್ಥಕವೆನ್ನಿಸಿತು.

ಮೂರನೇ ಲ್ಯಾಪಿನ ಕೊನೆಯಲ್ಲಿ ತೀರ್ಪುಗಾರರು ಕೈ ಅಡ್ಡ ಹಿಡಿದು ನನ್ನನ್ನು ಹೊರಕ್ಕೆ ತಿರುಗಿಸಿದರು. "ಇನ್ನೂ ಒಂದು ಲ್ಯಾಪ್ ಇದೆ, ನನ್ನಿಂದ ಆಗುತ್ತದೆ" ಎಂದೆ. ಅವರು ತಲೆಯಾಡಿಸಿದರು. ಗಾಡಿ ನಿಲ್ಲಿಸಿ ಅತ್ತುಬಿಟ್ಟೆ.

ಕ್ರಾಸ್ ಕಂಟ್ರಿಯಲ್ಲಿ ಶೇ 80ರ ನಿಯಮವೆಂಬುದಿದೆ, ನನಗೆ ಗೊತ್ತಿರಲಿಲ್ಲ. ಮೊದಲ ಸ್ಥಾನದಲ್ಲಿರುವವರು ಮೊದಲ ಲ್ಯಾಪಿಗೆ ತೆಗೆದುಕೊಂಡ ಸಮಯದ ಶೇ 80ಕ್ಕಿಂತ ಹೆಚ್ಚು ಹಿಂದೆ ಬಿದ್ದವರನ್ನು ರೇಸಿನಿಂದ ಇಳಿಸುತ್ತಾರೆ. ಮುಂದಿದ್ದ ಹುಡುಗಿಯ ಮೊದಲ ಲ್ಯಾಪ್ 16 ನಿಮಿಷ. ಅದರ ಶೇ 80 ಎಂದರೆ 12 ನಿಮಿಷ 48 ಸೆಕೆಂಡು. ಮೂರು ಲ್ಯಾಪಿಗೆ ಅವಳು 48 ನಿಮಿಷ, ನಾನು 62. ಹದಿನಾಲ್ಕು ನಿಮಿಷ ಹಿಂದಿದ್ದೆ.

ರೇಸ್ ಪೂರ್ಣವಾಗಲಿಲ್ಲ, ಹೆಸರೇ ಇರುವುದಿಲ್ಲ ಎಂದುಕೊಂಡು ಸಾಮಾನು ಕಟ್ಟುತ್ತಿದ್ದೆ. ಫಲಿತಾಂಶದ ಹಾಳೆ ನೋಡಿ ಬಂದ ಬಾಗಲಕೋಟೆಯ ಹುಡುಗಿಯೊಬ್ಬಳು, "ಅಕ್ಕ, ನಿಮ್ಮದು ಏಳನೆಯದು" ಎಂದಳು. ಹೋಗಿ ನೋಡಿದೆ. ನನ್ನ ಹೆಸರಿನ ಮುಂದೆ "–1 ಲ್ಯಾಪ್" ಎಂದಿತ್ತು. ಹೀಗೆ ಇಳಿಸಲ್ಪಟ್ಟವರಿಗೆ, ಅರ್ಧಕ್ಕೆ ತಾವೇ ಬಿಟ್ಟವರಂತಲ್ಲದೆ, ಎಷ್ಟು ಲ್ಯಾಪ್ ಕಡಿಮೆ ಎಂದು ಬರೆದು ಸ್ಥಾನ ಕೊಡುತ್ತಾರೆ. ನಾನು ಇಳಿತದಲ್ಲಿ ದಾಟಿದ್ದ ಆ ಇಬ್ಬರೂ ನನಗಿಂತ ಮೊದಲೇ ರೇಸಿನಿಂದ ಹೊರಬಿದ್ದಿದ್ದರು. ನಿಮ್ಮನ್ನೂ ಮೊದಲ ರೇಸಿನಲ್ಲಿ ಹೀಗೆ ಹೊರಕ್ಕೆ ತಿರುಗಿಸಿದರೆ ಹಾಳೆ ನೋಡದೆ ಹೊರಡಬೇಡಿ.

ಬಸ್ಸು, ಸೈಕಲ್ಲಿನ ಬಾಡಿಗೆ, ಎರಡು ರಾತ್ರಿಯ ಕೋಣೆ, ಸರಕು ಆಟೋ, ಊಟ, ಶುಲ್ಕ, ವೈದ್ಯರು ಎಲ್ಲ ಸೇರಿ ಈ ಒಂದು ರೇಸಿಗೆ 9,500 ರೂಪಾಯಿಯ ಹತ್ತಿರ ಆಯಿತು. ಇಬ್ಬರು ಮೂವರು ಸೇರಿ ಹೋದರೆ ಕೋಣೆಯ, ಆಟೋದ ಖರ್ಚು ಹಂಚಿಹೋಗುತ್ತದೆ.

ಹಿಂತಿರುಗುವಾಗ ಡಿರೈಲರ್ ಬಿಚ್ಚಿ ಕಟ್ಟಿದೆ, ಕೊನೆಯಲ್ಲಿ ಇಡಿಸಿದೆ, ಡಿಕ್ಕಿಯ ಬಾಗಿಲು ಹಾಕುವವರೆಗೆ ಪಕ್ಕದಲ್ಲೇ ನಿಂತಿದ್ದೆ. ಇವತ್ತು ಮಧ್ಯಾಹ್ನ ಎರಡು ಹ್ಯಾಂಗರ್ ತರಿಸಲು ಹೇಳಿದ್ದೇನೆ. ಬರಲು ಮೂರು ವಾರವಂತೆ. ಮಾರ್ಚಿನಲ್ಲಿ ಇನ್ನೊಂದು ರೇಸಿದೆ. ಅರ್ಜಿಯಲ್ಲಿ 35 ಮತ್ತು ಅದಕ್ಕೆ ಮೇಲಿನವರ ಕಾಲಮ್ಮಿನ ಮೇಲೆ ಬಹಳ ಹೊತ್ತು ಬೆರಳಿಟ್ಟುಕೊಂಡಿದ್ದೆ. ಅಲ್ಲಿ ಮೂರೇ ಲ್ಯಾಪ್. ಮತ್ತೆ ಮುಕ್ತ ವಿಭಾಗಕ್ಕೇ ಗುರುತು ಹಾಕಿ ಕಳಿಸಿದೆ.